ಮೇಸ್ತ್ರಿ ತಪ್ಪಿಸಿದ ಬೀದಿಗಳು

"ತಾತ, ಮನೆ ಕಟ್ಟುವ ನಮ್ಮಂಥವರಿಗೆ ಕೆಲಸ ತಪ್ಪದಂತೆ ಸಿಗುವುದು ಹೇಗೆ? ಮನೆ ಕಟ್ಟಿಸುವ ಹೊಸ ಪಾರ್ಟಿಗಳು ಎಲ್ಲಿಂದ ಬರುತ್ತಾರೆ?"

ಹೀಗೆ ಕೇಳಿದವನು ಹುಲುಗಪ್ಪ. ಸ್ವಂತವಾಗಿ ಗುತ್ತಿಗೆ ಹಿಡಿದು ಮನೆ ಕಟ್ಟಿಕೊಡುವ ಮೇಸ್ತ್ರಿ. ಹತ್ತು ಹದಿನೈದು ವರ್ಷದಿಂದ ಸೋಮವಾರ ತಪ್ಪದೆ ಮಠಕ್ಕೆ ಬರುತ್ತಿದ್ದ. ಇದುವರೆಗೆ ಮಠದ ಹಿರಿಯರಾದ ತಾತನ ಹತ್ತಿರ ಮನಸ್ಸು, ಮಾಯೆ, ಮುಕ್ತಿ ಎಂದು ದೊಡ್ಡ ದೊಡ್ಡ ಮಾತನ್ನೇ ಕೇಳಿದ್ದ. ಹೊಟ್ಟೆಯ ಮಾತು ಇವತ್ತು ಹೊರಗೆ ಬಂತು.

"ಅಂತೂ ಒಂದು ನಿಜವಾದ ಪ್ರಶ್ನೆ ಕೇಳಿದೆಯಪ್ಪಾ" ಎಂದರು ತಾತ. "ಇಷ್ಟು ವರ್ಷ ಮುಕ್ತಿ ಮುಕ್ತಿ ಎಂದು ನನ್ನ ತಲೆ ತಿಂದೆ. ಆಗೆಲ್ಲ ನಿನ್ನ ಮುಖದಲ್ಲಿ ಆಕಳಿಕೆ ಕಾಣುತ್ತಿತ್ತು. ಇವತ್ತು ಕಣ್ಣಲ್ಲಿ ನೀರಿದೆ. ಸರಿ, ಕೆಲಸಕ್ಕಾಗಿ ಏನೇನು ಮಾಡಿದೆ?"

"ಕಾರ್ಡು ಹೊಡೆಸಿ ಹಂಚಿದೆ ತಾತ. ಸಿಮೆಂಟ್ ಅಂಗಡಿಯವರಿಗೆ ಹೇಳಿಟ್ಟೆ. ಎಂಜಿನಿಯರುಗಳ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದೆ. ಗಣೇಶನ ಹಬ್ಬಕ್ಕೆ ನನ್ನ ಫೋಟೋ ಹಾಕಿ ಬ್ಯಾನರ್ ಕಟ್ಟಿಸಿದೆ. ಒಂದು ಮನೆ ಮುಗಿದರೆ ಇನ್ನೊಂದು ಯಾವಾಗಲೋ ಆ ದೇವರಿಗೇ ಗೊತ್ತು. ನನ್ನನ್ನು ನಂಬಿ ಹನ್ನೆರಡು ಜನ ಇದ್ದಾರೆ. ಬೆಳಿಗ್ಗೆ ಎದ್ದು ಅವರಿಗೆ ಮುಖ ತೋರಿಸಲು ಆಗುವುದಿಲ್ಲ."

"ಕೂತುಕೋ. ಒಬ್ಬ ಮೇಸ್ತ್ರಿಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಅವನ ಹೆಸರೇನು, ಊರು ಯಾವುದು ಎಂದೂ ಕೇಳಬೇಡ. ಅದರಿಂದ ನಿನಗೆ ಆಗಬೇಕಾದದ್ದು ಏನೂ ಇಲ್ಲ."

ಹುಲುಗಪ್ಪ ಕೂತ. ತಾತ ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ಮೇಸ್ತ್ರಿ ಇದ್ದ. ಒಳ್ಳೆಯ ಕೈ ಅವನದು. ಅವನು ಎತ್ತಿದ ಗೋಡೆಗೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇರುತ್ತಿರಲಿಲ್ಲ. ಸಿಮೆಂಟಿನಲ್ಲಿ ಮೋಸ ಮಾಡುವವನಲ್ಲ. ಕುಡಿಯುವವನಲ್ಲ. ಮನೆಯಲ್ಲಿ ಹೆಂಡತಿ ಒಬ್ಬಳು. ಮಕ್ಕಳಾಗಲಿಲ್ಲ. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ, ಅಷ್ಟೇ ಸಂಸಾರ. ಅವಳು ಬಾಯಿ ತುಂಬ ಮಾತಾಡುವ ಹೆಂಗಸು. ಪೇಟೆ ಬೀದಿಯ ನಡುವೆ ಅವರ ಬಾಡಿಗೆ ಮನೆ. ಬಾಗಿಲಲ್ಲಿ ನಿಂತರೆ ಸಾಕು, ಅವಳಿಗೆ ಹೊತ್ತು ಹೋಗುತ್ತಿತ್ತು.

ಅವನಿಗೆ ಕೆಲಸ ಹೇಗೆ ಸಿಗುತ್ತಿತ್ತು? ಗೃಹಪ್ರವೇಶದಲ್ಲಿ ಸಿಗುತ್ತಿತ್ತು. ನಿನಗೆ ಗೊತ್ತಲ್ಲ, ಆ ದಿನ ಮನೆ ಕಟ್ಟಿದವನಿಗೆ ಮಣೆ ಹಾಕಿ ಕೂರಿಸುತ್ತಾರೆ. ಪಂಚೆ, ಶಲ್ಯ, ತಾಂಬೂಲ ಕೊಡುತ್ತಾರೆ. ನೆಂಟರೆಲ್ಲ ಗೋಡೆ ಸವರಿ ನೋಡುತ್ತಾರೆ. ಯಾರಪ್ಪಾ ಕಟ್ಟಿದವರು ಎನ್ನುತ್ತಾರೆ. ಮೇಸ್ತ್ರಿ ಬಿಳಿ ಅಂಗಿ ಹಾಕಿಕೊಂಡು ಹೊಸಿಲ ಪಕ್ಕದಲ್ಲೇ ನಿಂತಿರುತ್ತಿದ್ದ. ಕೇಳಿದವರಿಗೆ ವಿನಯದಿಂದ ಉತ್ತರ ಹೇಳುತ್ತಿದ್ದ. ಊಟದ ಎಲೆ ಎತ್ತುವ ಹೊತ್ತಿಗೆ ಆ ಗುಂಪಿನಲ್ಲಿ ಸೈಟು ಇದ್ದವರು ಒಬ್ಬರಾದರೂ ಅವನ ಕೈ ಹಿಡಿದು, ನಮ್ಮದೂ ಒಂದು ನೋಡಿ ಮೇಸ್ತ್ರಿ ಎನ್ನುತ್ತಿದ್ದರು. ಒಂದು ಮನೆ ಮುಗಿದ ದಿನವೇ ಇನ್ನೊಂದು ಮನೆಯ ಪಾಯಕ್ಕೆ ದಿನ ಗೊತ್ತಾಗುತ್ತಿತ್ತು. ನೋಡು, ಎಷ್ಟು ಸಲೀಸು! ಅವನೂ ಹಾಗೆಯೇ ಅಂದುಕೊಂಡ.

ಅವನು ಮೊದಲು ಸ್ವಂತವಾಗಿ ಹಿಡಿದದ್ದು ಒಬ್ಬ ಶಾಲಾ ಶಿಕ್ಷಕಿಯ ಮನೆ. ಊರೆಲ್ಲ ಅವರನ್ನು ಟೀಚರಮ್ಮ ಎಂದೇ ಕರೆಯುತ್ತಿತ್ತು. ದೊಡ್ಡ ಬೀದಿಯಲ್ಲಿ ಸೈಟು. ಮನೆ ಚೆನ್ನಾಗಿ ಬಂತು. ಆ ಗೃಹಪ್ರವೇಶದಲ್ಲೇ ಹಿಟ್ಟಿನ ಗಿರಣಿ ಯಜಮಾನರ ಮನೆ ಒಪ್ಪಿಕೊಂಡ. ಗಿರಣಿಯವರ ಮನೆಯ ಕೆಲಸ ಅರ್ಧ ಆಗಿತ್ತು. ಆಗ ಮೊದಲ ಮಳೆ ಬಿತ್ತು. ಟೀಚರಮ್ಮನ ಅಡುಗೆಮನೆಯ ತಾರಸಿಯಲ್ಲಿ ತೇವ ಕಾಣಿಸಿತು. ಮಳೆನೀರಿನ ಪೈಪು ಹೊರಗೆ ಹೋಗುವ ಮೂಲೆ. ಒಂದು ರೊಟ್ಟಿಯಗಲದ ತೇವ. ಎಲ್ಲ ಹೊಸ ಮನೆಗೂ ಆಗುವಂಥದ್ದೇ. ಮೇಲೆ ಹತ್ತಿ ಪೈಪಿನ ಸುತ್ತ ಕೆತ್ತಿ ಗಾರೆ ತುಂಬಿದರೆ ಮುಗಿಯಿತು. ಅರ್ಧ ದಿನದ ಕೆಲಸ.

ಟೀಚರಮ್ಮ ಶಾಲೆ ಬಿಟ್ಟ ಮೇಲೆ ಗಿರಣಿಯವರ ಸೈಟಿಗೇ ಬಂದು ಹೇಳಿದರು. ಮೇಸ್ತ್ರಿ, "ನಾಳೆ ಬಂದುಬಿಡುತ್ತೇನೆ ಟೀಚರಮ್ಮ" ಎಂದ. ಸುಳ್ಳು ಹೇಳಲಿಲ್ಲ. ಹೋಗಬೇಕೆಂದೇ ಇದ್ದ.

ಆದರೆ ಮರುದಿನ ಗಿರಣಿಯವರ ಮನೆಗೆ ತಾರಸಿ ಹಾಕುವ ದಿನ. ಕಾಂಕ್ರೀಟ್ ಕಲಸುವ ಯಂತ್ರ ಬಂದಿತ್ತು, ಇಪ್ಪತ್ತು ಜನ ಆಳು ಬಂದಿದ್ದರು. ತಾರಸಿ ಹಾಕುವ ದಿನ ಮೇಸ್ತ್ರಿ ಸೈಟು ಬಿಟ್ಟು ಹೋಗುತ್ತಾನೆಯೇ? ಹೋಗಲಿಲ್ಲ. ಅದರ ಮರುದಿನ ಮೈ ಕೈ ನೋವು. ಆಮೇಲೆ ಅಮಾವಾಸ್ಯೆ. ಆಮೇಲೆ ಮರಳಿನ ಲಾರಿ ಬರಲಿಲ್ಲ, ಅದರ ಹಿಂದೆ ಎರಡು ದಿನ ತಿರುಗಿದ. ಹೀಗೆ ಹತ್ತು ದಿನ ಹೋಯಿತು. ಹತ್ತು ದಿನ ಆದ ಮೇಲೆ ಹೋಗಿ ಏನೆಂದು ಹೇಳುವುದು? ನಾಚಿಕೆಯಾಯಿತು. ತಿಂಗಳಾಯಿತು. ತಾರಸಿಯ ತೇವ ರೊಟ್ಟಿಯಗಲವೇ ಇತ್ತೋ ಏನೋ, ಅವನ ಎದೆಯೊಳಗಿನ ನಾಚಿಕೆ ಮಾತ್ರ ದೊಡ್ಡದಾಗುತ್ತ ಹೋಯಿತು. ಒಂದು ಸಂಜೆ ದೊಡ್ಡ ಬೀದಿಯ ಮೂಲೆಯಲ್ಲಿ ಟೀಚರಮ್ಮ ದೂರದಿಂದ ಬರುವುದು ಕಂಡಿತು. ಮೇಸ್ತ್ರಿ ಸೈಕಲ್ಲು ತಿರುಗಿಸಿ ಕಿರುಗಲ್ಲಿಗೆ ನುಗ್ಗಿದ.

ಅವತ್ತು ಅವನಿಗೆ ಹಾಯೆನಿಸಿತು. ಅಯ್ಯೋ ಪುಣ್ಯಾತ್ಮ! ಆ ಹಾಯೆನಿಸಿದ್ದೇ ತಪ್ಪಾಯಿತು. ಮರುದಿನದಿಂದ ದೊಡ್ಡ ಬೀದಿಯ ಕಡೆ ಅವನು ಹೋಗಲೇ ಇಲ್ಲ.

ಗಿರಣಿಯವರ ಮನೆ ಮುಗಿಯಿತು. ಮಣೆ ಹಾಕಿದರು, ಶಲ್ಯ ಹೊದಿಸಿದರು. ಅಲ್ಲೇ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರರ ಮನೆ ಸಿಕ್ಕಿತು. ಮೂರು ತಿಂಗಳ ಮೇಲೆ ಗಿರಣಿಯವರು ಹೇಳಿ ಕಳಿಸಿದರು. ಬಚ್ಚಲಿನ ನೀರು ತೂತಿನ ಕಡೆ ಹೋಗದೆ ಮೂಲೆಯಲ್ಲಿ ನಿಲ್ಲುತ್ತಿದೆ, ಬಂದು ನೋಡಿ ಎಂದು. ಅದೂ ಅರ್ಧ ದಿನದ ಕೆಲಸವೇ. ಮೇಸ್ತ್ರಿ ಈ ಸಲವೂ ನಾಳೆ ಎಂದ. ಆ ಬೀದಿಯನ್ನೂ ಬಿಟ್ಟ.

ಕೆಲಸ ಕೆಟ್ಟವನ ಕತೆಯಲ್ಲ ಇದು, ತಿಳಿದುಕೋ. ಹೊಸ ಮನೆ ಎಂದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವವರೆಗೆ ಏನಾದರೊಂದು ಇದ್ದೇ ಇರುತ್ತದೆ. ಮರ ಒಣಗಿ ಬಾಗಿಲು ಬಿಗಿಯಾಗುತ್ತದೆ. ತೊಲೆಗೂ ಗೋಡೆಗೂ ನಡುವೆ ಗಾರೆ ಸೀಳುತ್ತದೆ. ಕಟ್ಟಿದವನು ಬಂದು ನೋಡಿದರೆ ಅದು ಏನೂ ಅಲ್ಲ. ಬರದಿದ್ದರೆ ಮನೆಯವರಿಗೆ ದಿನಾ ಅದೇ ಕಾಣುತ್ತದೆ. ಮೇಸ್ತ್ರಿ ಒಂದು ಮನೆಗೂ ತಿರುಗಿ ಹೋಗಲಿಲ್ಲ. ಗೃಹಪ್ರವೇಶದ ದಿನ ಅವನ ತಲೆಯ ಮೇಲೆ ಅಕ್ಷತೆ ಬೀಳುತ್ತಿತ್ತು, ಅಲ್ಲಿಗೆ ಆ ಬೀದಿ ಅವನ ಪಾಲಿಗೆ ಮುಚ್ಚುತ್ತಿತ್ತು.

ಆರು ವರ್ಷದಲ್ಲಿ ಹನ್ನೊಂದು ಮನೆ ಕಟ್ಟಿದ. ಊರಲ್ಲಿ ಇದ್ದದ್ದೇ ಎಂಟೊಂಬತ್ತು ಬೀದಿ. ಕ್ಷೌರದ ಅಂಗಡಿ ಬದಲಿಸಿದ, ಹಳೆಯದು ಗಿರಣಿಯವರ ಮನೆಯ ಎದುರಿಗಿತ್ತು. ಬೆಳಿಗ್ಗೆ ಮೇಸ್ತ್ರಿಗಳೆಲ್ಲ ಸೇರುವ ಚಹಾದ ಹೋಟೆಲ್ಲು ಬಿಟ್ಟ. ಎಲ್ಲಿ ಯಾರು ಸೈಟು ಕೊಂಡರು, ಯಾರಿಗೆ ಬ್ಯಾಂಕಿನ ಸಾಲ ಮಂಜೂರಾಯಿತು ಎಂಬ ಸುದ್ದಿ ಹುಟ್ಟುವುದು ಅಲ್ಲಿಯೇ. ಆದರೆ ಪೋಸ್ಟ್‌ಮಾಸ್ಟರರು ಪೇಪರ್ ಓದಲು ಬರುವುದೂ ಅಲ್ಲಿಗೇ. ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಊರಿನ ಹಿಂದೆ ಕಾಲುವೆ ಏರಿಯ ಮೇಲೆ ಸುತ್ತು ಹಾಕುತ್ತಿದ್ದ. ಐದು ನಿಮಿಷದ ದಾರಿ, ಅವನಿಗೆ ಮುಕ್ಕಾಲು ಗಂಟೆ.

ಒಂದು ದಿನ ಹೆಂಡತಿ ಸಂತೆಯಿಂದ ಬಂದವಳು ಚೀಲ ಇಳಿಸುತ್ತ ಹೇಳಿದಳು.

"ಟೀಚರಮ್ಮ ಸಿಕ್ಕಿದ್ದರು. ನಿಮ್ಮನ್ನು ಕೇಳಿದರು. ಒಂದು ಸಲ ಬಂದು ಹೋಗಲಿ ಅಂದರು."

"ಮುಖ ಹೇಗಿತ್ತು?"

"ಮುಖ ಇದ್ದ ಹಾಗೆ ಇತ್ತು. ನಗುನಗುತ್ತಲೇ ಮಾತಾಡಿದರು."

"ನಗುವುದು ಅವರ ದೊಡ್ಡತನ. ಒಳಗೊಳಗೆ ನನಗೆ ಶಾಪ ಹಾಕುತ್ತಿರುತ್ತಾರೆ. ಇನ್ನೊಂದು ಸಲ ಕೇಳಿದರೆ ನಾನು ಊರಲ್ಲಿಲ್ಲ ಅಂದುಬಿಡು."

"ಅಯ್ಯ, ನಾನೇಕೆ ಸುಳ್ಳು ಹೇಳಲಿ? ಅರ್ಧ ದಿನದ ಕೆಲಸ ಅಂತ ನೀವೇ ಅಂದಿರಿ. ಹೋಗಿ ಮಾಡಿಕೊಟ್ಟು ಬನ್ನಿ. ಬೈದರೆ ಬೈಸಿಕೊಳ್ಳಿ. ಬೈದರೆ ಮೈಮೇಲೆ ಬರೆ ಬೀಳುತ್ತದೆಯೇ?"

"ನಿನಗೆ ಗೊತ್ತಾಗುವುದಿಲ್ಲ. ಹೇಳಿದಷ್ಟು ಮಾಡು" ಎಂದು ಗದರಿದ.

ಅವಳು ಗಂಡನ ಮಾತು ಮೀರುವವಳಲ್ಲ. ಯಾರು ಕೇಳಿದರೂ ಊರಲ್ಲಿಲ್ಲ ಎನ್ನತೊಡಗಿದಳು. ಮೊದಮೊದಲು ಹೇಳುವಾಗ ಮುಖ ಕೆಂಪಾಗುತ್ತಿತ್ತು. ಆಮೇಲೆ ರೂಢಿಯಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಪೇಟೆ ಬೀದಿಯಲ್ಲಿ ಇದ್ದರೆ ಒಬ್ಬರಲ್ಲ ಒಬ್ಬರು ಬಾಗಿಲಿಗೆ ಬರುತ್ತಾರೆ ಎಂದು ಮೇಸ್ತ್ರಿ ಮನೆಯನ್ನೇ ಬದಲಿಸಿದ. ಊರಾಚೆ ಇಟ್ಟಿಗೆ ಗೂಡುಗಳ ಹತ್ತಿರ ಒಂಟಿ ಮನೆ. ಅಕ್ಕಪಕ್ಕ ಯಾರೂ ಇಲ್ಲ. ಗೂಡಿನ ಆಳುಗಳು ಹಗಲು ಬಂದು ಸಂಜೆ ಹೋಗುತ್ತಿದ್ದರು. ಹೆಂಡತಿ ಒಂದು ತಿಂಗಳು ಸುಮ್ಮನಿದ್ದಳು. ಆಮೇಲೆ ಒಂದು ದಿನ, "ನಾನಿಲ್ಲಿ ಯಾರ ಹತ್ತಿರ ಮಾತಾಡಲಿ?" ಎಂದು ಕೇಳಿದಳು. ಮೇಸ್ತ್ರಿ, ಒಳ್ಳೆಯ ಕೆಲಸ ಸಿಕ್ಕ ಮೇಲೆ ಮತ್ತೆ ಪೇಟೆಗೇ ಹೋಗೋಣ ಎಂದ.

ಕೆಲಸ ಎಲ್ಲಿಂದ ಸಿಗಬೇಕು? ಮನೆಯವರ ಬಾಯಿಂದ ಬಾಯಿಗೆ ಹೋಗಬೇಕಾದ ಹೆಸರು ಅದು. ಆ ಮನೆಗಳ ಹತ್ತಿರ ಅವನೇ ಸುಳಿಯುವುದಿಲ್ಲ. ಮೇಸ್ತ್ರಿ ಊರು ಬಿಟ್ಟನಂತೆ ಎಂದು ಜನ ಮಾತಾಡಿಕೊಂಡರು. ಗೃಹಪ್ರವೇಶಗಳು ನಿಂತವು. ಆಷಾಢದಲ್ಲಿ ಯಾರೂ ಪಾಯ ಹಾಕುವುದಿಲ್ಲ, ಉಳಿದ ಮೇಸ್ತ್ರಿಗಳು ಆಗ ಹಳೆಯ ಮನೆಗಳಿಗೆ ಹೋಗಿ ಹಂಚು ಸರಿ ಮಾಡುತ್ತಾರೆ, ತೇಪೆ ಹಾಕುತ್ತಾರೆ, ಸುಣ್ಣ ಬಳಿಯುತ್ತಾರೆ. ಇವನಿಗೆ ಹೋಗಲು ಒಂದು ಮನೆಯೂ ಇರಲಿಲ್ಲ. ಹನ್ನೊಂದು ಮನೆ ಕಟ್ಟಿದವನಿಗೆ, ನೋಡು!

ಪಕ್ಕದ ಊರಿಗೆ ಹೋದ. ಕಾರ್ಡು ಹೊಡೆಸಿದ. ಹಾರ್ಡ್‌ವೇರ್ ಅಂಗಡಿಗಳ ಮುಂದೆ ನಿಂತ. ಅಲ್ಲಿ ಒಬ್ಬರು ಮನೆ ಕಟ್ಟಿಸುವವರು ಸಿಕ್ಕರು. ಮಾತುಕತೆ ಎಲ್ಲ ಆಯಿತು. ಕೊನೆಗೆ ಅವರು, "ನೀವು ಕಟ್ಟಿದ ಒಂದು ಮನೆ ತೋರಿಸಿ, ಸಾಕು. ಭಾನುವಾರ ಹೋಗಿ ನೋಡಿ ಬರೋಣ" ಎಂದರು. ಕೇಳಬಾರದ್ದೇನೂ ಕೇಳಲಿಲ್ಲ. ಆದರೆ ಮೇಸ್ತ್ರಿ ಹನ್ನೊಂದರಲ್ಲಿ ಯಾವ ಮನೆಯ ಬಾಗಿಲು ತಟ್ಟುವುದು? ಭಾನುವಾರ ಬರುತ್ತೇನೆಂದು ಹೇಳಿದವನು ಹೋಗಲೇ ಇಲ್ಲ. ಆ ಊರೂ ಮುಚ್ಚಿತು.

ಕೊನೆಗೆ ಕೂಲಿಗೆ ಹೊರಟ. ಬಸ್ಸಿನಲ್ಲಿ ಒಂದು ಹಗಲಿಡೀ ಕೂತು ಹೋಗುವಷ್ಟು ದೂರ. ಅಲ್ಲಿ ಯಾವುದೋ ಕಂಪನಿ ಒಂದೇ ಅಚ್ಚಿನ ನಾನ್ನೂರು ಮನೆ ಕಟ್ಟಿಸುತ್ತಿತ್ತು. ಗಾರೆಯವರು ಎಷ್ಟು ಜನ ಬಂದರೂ ಬೇಕಿತ್ತು. ಹೊರಡುವ ಮುಂಚೆ ಹೆಂಡತಿಗೆ ಹೇಳಿದ. "ನಾನು ಕೂಲಿಗೆ ಹೋದೆ ಎಂದು ಯಾರ ಹತ್ತಿರವೂ ಬಾಯಿ ಬಿಡಬೇಡ. ಹನ್ನೊಂದು ಮನೆ ಕಟ್ಟಿದವನು ಕೂಲಿಗೆ ಹೋದ ಎಂದು ಊರು ನಗಬಾರದು."

ಅವಳು, "ನನ್ನನ್ನೂ ಕರೆದುಕೊಂಡು ಹೋಗಿ" ಎಂದಳು.

"ಅಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಬೇಕು. ನಾಲ್ಕು ತಿಂಗಳು ತಡೆದುಕೋ" ಎಂದ.

ನೀನು ಕೇಳಿದೆಯಲ್ಲ ಹುಲುಗಪ್ಪ, ತಪ್ಪದ ಕೆಲಸ ಎಂದು? ಅಲ್ಲಿ ಅವನಿಗೆ ತಪ್ಪದ ಕೆಲಸ ಸಿಕ್ಕಿತು. ಆಷಾಢವಿಲ್ಲ, ಅಮಾವಾಸ್ಯೆಯಿಲ್ಲ. ಒಂದು ಗೋಡೆ ಮುಗಿದರೆ ಪಕ್ಕದಲ್ಲಿ ಇನ್ನೊಂದು ಗೋಡೆ. ಆ ಮನೆಗೆ ಯಾರು ಬರುತ್ತಾರೋ ಅವನಿಗೆ ಗೊತ್ತಿಲ್ಲ. ಕಟ್ಟಿದವನು ಯಾರೆಂದು ಅವರಿಗೂ ಗೊತ್ತಾಗುವುದಿಲ್ಲ. ಸೋರಿದರೆ ಯಾರೂ ಇವನನ್ನು ಹುಡುಕಿಕೊಂಡು ಬರುವಂತಿಲ್ಲ. ಮೇಸ್ತ್ರಿ ಬಹಳ ವರ್ಷಗಳ ಮೇಲೆ ತಲೆ ಎತ್ತಿ ನಡೆದಾಡಿದ. ಅದನ್ನು ಸುಖ ಎಂದುಕೊಂಡ. ನಾಲ್ಕು ತಿಂಗಳು ಎಂದವನು ಎರಡು ವರ್ಷ ಅಲ್ಲೇ ಉಳಿದ. ಯುಗಾದಿಗೆ, ದೀಪಾವಳಿಗೆ ಮನೆಗೆ ಬರುವನು. ಬಸ್ಸಿಳಿದು ಕಾಲುವೆ ಏರಿಯ ಮೇಲೆ ನಡೆದು ಮನೆ ಸೇರುವನು, ಹಾಗೆಯೇ ಹಿಂದಿರುಗುವನು.

ಎರಡನೆಯ ವರ್ಷ ಮಳೆಗಾಲದಲ್ಲಿ ಫೋನಿನಲ್ಲಿ ಹೆಂಡತಿಯ ದನಿ ಕಟ್ಟಿತ್ತು. ಏನಾಯಿತು ಎಂದು ಕೇಳಿದ. "ಏನಿಲ್ಲ, ನೆಗಡಿ. ಸ್ವಲ್ಪ ಜ್ವರ ಇದೆ. ಕಷಾಯ ಕುಡಿದಿದ್ದೇನೆ" ಎಂದಳು. ಬರಲೇ ಎಂದ. ಬೇಡ, ಕೆಲಸ ಬಿಟ್ಟು ಬರಬೇಡಿ ಎಂದಳು. ಅವನೂ ಹೋಗಲಿಲ್ಲ. ನಾಲ್ಕು ದಿನ ಆದ ಮೇಲೆ ಫೋನ್ ಬಂತು. ಮಾತಾಡಿದವಳು ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹೆಂಗಸು. ಎರಡು ದಿನದಿಂದ ಬಾಗಿಲು ತೆಗೆಯದ್ದು ನೋಡಿ ಕದ ಮುರಿಸಿದ್ದಳು.

ಮೇಸ್ತ್ರಿ ಮರುದಿನ ಬಂದ. ಅವಳನ್ನು ಹೊರಗೆ ಮಲಗಿಸಿದ್ದರು. ಎದೆಯ ಮೇಲೆ ಬಿದ್ದು ಗೊಳೋ ಎಂದು ಅತ್ತ. ಅವಳ ಕೈ ಹಿಡಿದು, ಎದ್ದೇಳು, ಪೇಟೆಗೇ ಹೋಗೋಣ ಎದ್ದೇಳು ಎಂದು ಗೋಗರೆದ.

ಇನ್ನು ಕೇಳು. ಆ ಊರಲ್ಲಿ ಹೆಣ ಹೋಗುವ ದಾರಿ ಒಂದೇ. ಯಾರ ಹೆಣವಾದರೂ ಸರಿ, ಊರಾಚೆ ಸತ್ತರೂ ಸರಿ, ಪೇಟೆ ಬೀದಿ, ಗಿರಣಿ ಬೀದಿ, ದೊಡ್ಡ ಬೀದಿ ಹಾದು ಮಸಣಕ್ಕೆ ಹೋಗಬೇಕು. ಅದನ್ನು ಯಾರೂ ಬದಲಿಸುವಂತಿಲ್ಲ. ಮಕ್ಕಳಿಲ್ಲದ್ದರಿಂದ ಗಂಡನೇ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕು. ಮೇಸ್ತ್ರಿ ಮಡಕೆ ಹಿಡಿದು ನಡೆದ. ಬಿಟ್ಟ ಬೀದಿಗಳಿಗೆಲ್ಲ ಒಂದಾದ ಮೇಲೊಂದು ಕಾಲಿಟ್ಟ. ಕಿರುಗಲ್ಲಿಗೆ ನುಗ್ಗುವಂತಿರಲಿಲ್ಲ. ಹಿಂದೆ ಹೆಂಡತಿ ಬರುತ್ತಿದ್ದಳು.

ಅವನು ಕಟ್ಟಿದ ಮನೆಗಳ ಬಾಗಿಲಲ್ಲಿ ಜನ ನಿಂತಿದ್ದರು. ಈಗ ಉಗುಳುತ್ತಾರೆ, ಈಗ ಬೈಯುತ್ತಾರೆ ಎಂದು ಅವನು ತಲೆ ತಗ್ಗಿಸಿಕೊಂಡೇ ನಡೆದ. ಯಾರೂ ಬೈಯಲಿಲ್ಲ. ಗಿರಣಿಯವರು ಕೈಮುಗಿದರು. ಪೋಸ್ಟ್‌ಮಾಸ್ಟರರು ಕೋಲೂರಿಕೊಂಡು ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಜೊತೆಗೆ ಬಂದರು. ದೊಡ್ಡ ಬೀದಿಯಲ್ಲಿ ಹೆಣ ಇಳಿಸಿ ಹೆಗಲು ಬದಲಿಸುವಾಗ ಅವನು ಒಮ್ಮೆ ತಲೆ ಎತ್ತಿದ. ಟೀಚರಮ್ಮನ ಮನೆಯ ಮೇಲೆ ಮಹಡಿ ಎದ್ದಿತ್ತು. ಅವನದಲ್ಲದ ಗೋಡೆ. ಒಂದು ಬೆರಳಿನಷ್ಟು ಓರೆಯಾಗಿತ್ತು. ಆ ದುಃಖದಲ್ಲೂ ಮೇಸ್ತ್ರಿಯ ಕಣ್ಣಿಗೆ ಅದು ಬಿತ್ತು.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಊರವರು ಬುತ್ತಿ ತರುತ್ತಾರೆ. ಮೂರನೆಯ ದಿನ ಮಧ್ಯಾಹ್ನ ಟೀಚರಮ್ಮ ಅನ್ನ, ಸಾರು ತೆಗೆದುಕೊಂಡು ಇಟ್ಟಿಗೆ ಗೂಡಿನವರೆಗೆ ನಡೆದು ಬಂದರು. ತಲೆ ಪೂರಾ ಬೆಳ್ಳಗಾಗಿತ್ತು. ತಟ್ಟೆ ಹಾಕಿ, ಬಡಿಸಿ, ಎದುರಿಗೆ ಕೂತರು. ಮೇಸ್ತ್ರಿ ಅನ್ನ ಮುಟ್ಟಲಿಲ್ಲ. ಎಂಟು ಒಂಬತ್ತು ವರ್ಷದಿಂದ ಒಳಗೇ ಇದ್ದ ಮಾತು ಹೊರಗೆ ಬಂತು.

"ಟೀಚರಮ್ಮ, ತಪ್ಪಾಯಿತು. ಅಡುಗೆಮನೆಯ ತಾರಸಿ ಸೋರಿತು ಎಂದು ಹೇಳಿದ್ದಿರಿ. ನಾನು ಬರಲಿಲ್ಲ."

"ಯಾವುದು?" ಎಂದರು ಟೀಚರಮ್ಮ.

"ಪೈಪಿನ ಮೂಲೆಯಲ್ಲಿ ತೇವ ಬಂದಿತ್ತಲ್ಲ, ಮೊದಲ ಮಳೆಗೆ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಓ, ಅದೇ? ಅದನ್ನು ಮರೆತೇಬಿಟ್ಟಿದ್ದೆ. ಇನ್ನೊಬ್ಬ ಮೇಸ್ತ್ರಿ ಆಷಾಢದಲ್ಲಿ ಕೆಲಸ ಇದೆಯೇ ಎಂದು ಕೇಳಿಕೊಂಡು ಬಂದ. ಅರ್ಧ ದಿನದಲ್ಲಿ ಸರಿ ಮಾಡಿ ಹೋದ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂತಿದ್ದಿರಾ ಇಷ್ಟು ವರ್ಷ? ದೇವರೇ! ನಾನು ನಿಮ್ಮನ್ನು ಹುಡುಕಿದ್ದು ಬೈಯುವುದಕ್ಕಲ್ಲ ಮೇಸ್ತ್ರಿ, ಮಹಡಿ ಕಟ್ಟಿಸುವುದಕ್ಕೆ. ಸಂತೆಯಲ್ಲಿ ನಿಮ್ಮ ಹೆಂಡತಿಗೆ ಎಷ್ಟು ಸಲ ಹೇಳಿ ಕಳಿಸಿದೆ! ಎರಡು ವರ್ಷ ಕಾದೆ. ಗಿರಣಿಯವರೂ ಮಗನ ಮನೆಗೆ ನಿಮ್ಮನ್ನೇ ಕೇಳುತ್ತಿದ್ದರು. ಕೊನೆಗೆ ಎಲ್ಲ ಅವನಿಗೇ ಹೋಯಿತು. ಅವನ ಗೋಡೆ ನಿಮ್ಮಷ್ಟು ನೇರವಲ್ಲ. ಆದರೆ ಕರೆದರೆ ಬರುತ್ತಾನೆ."

ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇನ್ನೊಂದು ಮಾತಿದೆ. ಹೇಳದೆ ಇರಲಾರೆ. ಹೋದ ಬುಧವಾರ ನಾನು ಇಲ್ಲಿಗೆ ಬಂದಿದ್ದೆ. ನನ್ನ ತಮ್ಮ ಸೈಟು ಕೊಂಡಿದ್ದಾನೆ, ಪಾಯದಿಂದ ನಿಮ್ಮ ಕೈಯಲ್ಲೇ ಆಗಲಿ ಎಂದು ಹೇಳುವುದಕ್ಕೆ. ಕದ ತಟ್ಟಿದೆ. ಅವಳು ತೆಗೆಯಲಿಲ್ಲ. ಒಳಗಿನಿಂದಲೇ, ಅವರು ಊರಲ್ಲಿಲ್ಲ ಟೀಚರಮ್ಮ ಎಂದಳು. ದನಿ ಸಣ್ಣಗಿತ್ತು. ನೀವು ಪಕ್ಕದಲ್ಲೇ ಕೂತು ಹೇಳಿಸುತ್ತಿದ್ದೀರಿ ಎಂದುಕೊಂಡೆ. ಹಿಂದೊಮ್ಮೆ ಹಾಗೆಯೇ ಹೇಳಿದಾಗ ನಿಮ್ಮ ಚಪ್ಪಲಿ ಹೊಸಿಲ ಹತ್ತಿರವೇ ಇತ್ತು. ನನಗೂ ಸಿಟ್ಟು ಬಂತು. ಇವರ ಸಹವಾಸವೇ ಬೇಡ ಎಂದು ಹಾಗೆಯೇ ಹೊರಟುಹೋದೆ. ನೀವು ನಿಜವಾಗಿ ಊರಲ್ಲಿಲ್ಲ, ಅವಳು ಒಬ್ಬಳೇ ಮಲಗಿದ್ದಾಳೆ ಎಂದು ಗೊತ್ತಿದ್ದರೆ ಒಳಗೆ ಬರುತ್ತಿದ್ದೆ. ಹಣೆ ಮುಟ್ಟಿ ನೋಡುತ್ತಿದ್ದೆ. ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಬದುಕುತ್ತಿದ್ದಳು ಮೇಸ್ತ್ರಿ. ಬರೀ ಜ್ವರ."

ಅನ್ನ ಆರಿತು. ಟೀಚರಮ್ಮ ಎದ್ದು ಹೋದರು. ಮೇಸ್ತ್ರಿ ತಟ್ಟೆಯ ಮುಂದೆ ಕೂತೇ ಇದ್ದ.

ತಾತ ಇಲ್ಲಿಗೆ ನಿಲ್ಲಿಸಿದರು. ಹುಲುಗಪ್ಪ ಮೆಲ್ಲಗೆ, "ಆ ಮೇಸ್ತ್ರಿ ಮುಂದೆ ಏನಾದ ತಾತ?" ಎಂದು ಕೇಳಿದ.

ತಾತ ಹುಲುಗಪ್ಪನ ಕಡೆ ತಿರುಗಿದರು.

"ಇವತ್ತು ಇಲ್ಲಿಗೆ ಬರುವಾಗ ನೀನು ಯಾವ ಬೀದಿ ತಪ್ಪಿಸಿ ಬಂದೆ?" ಎಂದರು.

ಹುಲುಗಪ್ಪ ಬೆರಳು ಮಡಿಸಿ ಬೀದಿಗಳನ್ನು ಎಣಿಸತೊಡಗಿದ.